ಹ್ಯಾಂಡಲ್ ಮೇಲಿನ ಕೆಂಪು

ಬಣಕಲ್ ಹತ್ತಿರದ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದ ಭೂತಯ್ಯನ ಮಂಡಿ ಸೋತ ಮೇಲೆ ಅವನ ಸೈಕಲ್ಲು ಗೋಡೆಗೆ ಒರಗಿ ತುಕ್ಕು ಹಿಡಿದಿತ್ತು. ಮೊನ್ನೆ ತೋಟದ ಧಣಿಗಳ ಮನೆಯ ಸೊಸೆ ಕೃತಿಕಾ ಬಂದು ಕೇಳಿದ್ದಳು. "ಸೈಕಲ್ ನಮಗೆ ಕೊಡಿ ಭೂತಯ್ಯ, ಹೋಂಸ್ಟೇ ಗೇಟಿನ ಹತ್ರ ನಿಲ್ಲಿಸ್ತೀವಿ. ತುಕ್ಕು ಮಾತ್ರ ತೆಗೀರಿ. ಹಳೇ ಕಳೆ ಹಂಗೇ ಇರ್ಲಿ."

ಭೂತಯ್ಯ ಹೂಂ ಅಂದಿದ್ದ. ಇಲ್ಲ ಅನ್ನುವುದಕ್ಕೂ ತ್ರಾಣ ಬೇಕು. ಸವೆದದ್ದು ಉಳಿಯಬೇಕಂತೆ, ತುಕ್ಕು ಹೋಗಬೇಕಂತೆ. ಮನುಷ್ಯ ಸವೆದರೆ ಯಾರೂ ಹೀಗೆ ಕೇಳಿಕೊಂಡು ಬರುವುದಿಲ್ಲ.

ಬೆಳಗಿನಿಂದ ಡೀಸೆಲ್ ಅದ್ದಿದ ಬಟ್ಟೆ, ಪಾತ್ರೆ ಉಜ್ಜುವ ತಂತಿ ಹಿಡಿದು ಕೂತಿದ್ದ. ಗೊಬ್ಬರದ ಮೂಟೆ ಉಜ್ಜಿ ಬಣ್ಣ ಹೋಗಿದ್ದ ಸೈಕಲ್ಲಿನ ಅಡ್ಡ ಬಾರನ್ನು, ಅಂಗೈ ಸವೆಸಿದ ಹಿಡಿಯನ್ನು ಹಾಗೇ ಬಿಟ್ಟ. ಕೆಂಪಗೆ ಕಂಡದ್ದನ್ನೆಲ್ಲ ಕೆರೆದ. ಹ್ಯಾಂಡಲ್ ನಡುವೆ ಎಣ್ಣೆಜಿಡ್ಡಿನೊಂದಿಗೆ ಗಟ್ಟಿಯಾಗಿದ್ದ ಕೆಂಪು ಪದರ ಮಾತ್ರ ಬೇಗ ಬಿಡಲಿಲ್ಲ. ಸೊಂಟ ನೋವಿಗೆ ಬೈದುಕೊಳ್ಳುತ್ತ ಅದನ್ನೂ ಕಿತ್ತ.

ಕಾಫಿ ತಂದ ಹೆಂಡತಿ ಹುಚ್ಚಮ್ಮ ಅವನ ಕೈಯ ಕೆಂಪಾದ ಬಟ್ಟೆ, ಬೋಳಾದ ಹ್ಯಾಂಡಲ್ ನೋಡಿದಳು. "ಅದು ತುಕ್ಕಲ್ಲ. ವರ್ಷಾ ವರ್ಷಾ ಆಯುಧ ಪೂಜೆಗೆ ನಾನು ಹಚ್ಚಿದ್ದ ಕುಂಕುಮ."

ಭೂತಯ್ಯ ಬಟ್ಟೆಯನ್ನು ಮೂಸಿದ. ಡೀಸೆಲ್ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

"ಕಣ್ಣು ಸರಿ ಕಾಣಲ್ಲ ಮಾರಾಯ್ತಿ. ಕುಂಕುಮದ ಭರಣಿ ತಾ, ಒಂದು ಬೊಟ್ಟು ಇಡು."

ಹುಚ್ಚಮ್ಮ ಲೋಟವನ್ನು ಅವನ ಪಕ್ಕ ಇಟ್ಟಳು. ಒಳಗೆ ಹೋಗಲಿಲ್ಲ.

"ಬ್ಯಾಡ. ನಾಳೆಯಿಂದ ಅವ್ರ ಸೈಕಲ್ಲು. ಬೇಕಾದ್ರೆ ಅವ್ರೇ ಇಟ್ಕಳ್ಲಿ."