ಸವಿತಾ ಕೇಳಿದ ಇನ್ನೊಂದು ಪ್ರಶ್ನೆ

ಮೊನ್ನೆ ಭಾನುವಾರ ಎಂಟು ತಿಂಗಳ ಒಂದು ಹೆಣ್ಣುಕೂಸು ನನ್ನ ಕನ್ನಡಕ ಕಿತ್ತುಕೊಂಡಿತು. ಬಾಯಿಗೆ ಹಾಕಿ ಅಗಿಯಿತು. ಒಂದು ಕಡ್ಡಿ ಬಗ್ಗಿಸಿಯೇ ಬಿಟ್ಟಿತು. ನನಗೆ ಸಿಟ್ಟು ಬಂತಾ? ಇಲ್ಲ, ಚಪ್ಪಾಳೆ ತಟ್ಟಿದೆ! (ಹೊಸ ಕನ್ನಡಕವಾಗಿತ್ತು ಎಂಬುದು ಬೇರೆ ವಿಷಯ.)

ಇದೇ ಕೂಸನ್ನು ನಾನು ಮೊದಲು ನೋಡಿದಾಗ ಅದಕ್ಕೆ ಮೂರು ದಿನ. ತುಟಿ, ಉಗುರು ಎಲ್ಲ ನೀಲಿ.

ಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆವತ್ತು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸುರೇಶ ರೇಷನ್ ಕಾರ್ಡ್ ಹಿಡಿದು ನಿಂತಿದ್ದ. ಅವನೂ ಹೆಂಡತಿ ಸವಿತಾಳೂ ಮೇಗುಂದ ಕಡೆ ಕಾಫಿ ತೋಟದಲ್ಲಿ ಕೂಲಿ ಮಾಡುವವರು.

"ಮೂರು ಕಾಪಿ ಕೊಡಿ ಸಾರ್, ಶಿವಮೊಗ್ಗದ ಆಸ್ಪತ್ರೆಗೆ ಬೇಕಂತೆ. ಕೂಸಿನ ಹಾರ್ಟಲ್ಲಿ ಎಂತದೋ ಪೈಪ್ ಅದಲು ಬದಲಾಗಿದೆಯಂತೆ" ಅಂದ.

ಹೆರಿಗೆಯ ಮರುದಿನ ನರ್ಸ್ ಒಬ್ಬರು ಮಗುವಿನ ಪಾದಕ್ಕೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದ್ದರು. ಕಡಿಮೆ ಬಂತು. ಮತ್ತೆ ಹಾಕಿದರು. ಮತ್ತೂ ಕಡಿಮೆ. ತಕ್ಷಣ ಆಂಬುಲೆನ್ಸ್ ಕರೆಸಿ ತಾಯಿ-ಮಗುವನ್ನು ಶಿವಮೊಗ್ಗಕ್ಕೆ ಕಳಿಸಿದ್ದರು. ಆ ನರ್ಸಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಾನು ಶಟರ್ ಎಳೆದು ಸುರೇಶನ ಜೊತೆ ಬಸ್ ಹತ್ತಿದೆ.

ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದರ ಜಾಗದಲ್ಲಿ ಇನ್ನೊಂದು ಹುಟ್ಟಿವೆ, ಎರಡು ವಾರದೊಳಗೆ ಆಪರೇಷನ್ ಆಗಲೇಬೇಕು, ಆದರೆ ಇಲ್ಲಿ ಆ ಸೌಲಭ್ಯವಿಲ್ಲ ಎಂದರು ಶಿವಮೊಗ್ಗದ ಡಾಕ್ಟರು. ಎರಡು ದೊಡ್ಡ ಆಸ್ಪತ್ರೆಗಳ ನಂಬರ್ ಬರೆದುಕೊಟ್ಟರು.

ಫೋನ್ ಮಾಡುವ ಕೆಲಸ ನನಗೆ ಬಂತು. (ನನಗೆ ಇಂಗ್ಲಿಷ್ ಬರುತ್ತದೆಂದು ಸುರೇಶ ನಂಬಿದ್ದ.) ಎರಡೂ ಕಡೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟಾಗುತ್ತೆ? ಮೊದಲನೆಯವರು ಪ್ಯಾಕೇಜ್ ಹೇಳಿದರು. ಎರಡನೆಯದು ದೂರ. ಸರ್ಕಾರಿ ಯೋಜನೆಯಲ್ಲಿ ಸಿಗುವುದನ್ನು ಕಳೆದರೂ ಅಲ್ಲಿ ಖರ್ಚು ಹೆಚ್ಚು. ಸುರೇಶ ಮೊದಲನೆಯದೇ ಸಾಕು ಅಂದ. ನಾನೂ ತಲೆಯಾಡಿಸಿದೆ.

ಸವಿತಾ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದಳು. ಬಾಣಂತಿ.

"ಸಾರ್, ದುಡ್ಡು ಎಷ್ಟು ಅಂತ ಕೇಳಿದ್ರಿ. ಇಂಥ ಕೂಸುಗಳು ಅಲ್ಲಿಂದ ಎಷ್ಟು ಜೀವಂತ ಮನೆಗೆ ಹೋಗಿವೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ! ಮೊಬೈಲ್ ಕೊಳ್ಳುವಾಗ ಹತ್ತು ರಿವ್ಯೂ ಓದುವ ಮನುಷ್ಯ ನಾನು. ಇದೊಂದು ಕೇಳಬೇಕೆಂದು ತಲೆಗೇ ಹೋಗಲಿಲ್ಲ.

ಸ್ಪೀಕರ್ ಹಾಕಿ ಮತ್ತೆ ಫೋನ್ ಮಾಡಿದೆ. ಮೊದಲ ಆಸ್ಪತ್ರೆಯ ಕೌಂಟರಿನವರು, "ಅದೆಲ್ಲ ಹೇಳೋಕಾಗಲ್ಲ, ಅಡ್ವಾನ್ಸ್ ಕಟ್ಟಿ ಬೆಡ್ ಬುಕ್ ಮಾಡಿ" ಎಂದು ಇಟ್ಟೇಬಿಟ್ಟರು. ಎರಡನೆಯ ಕಡೆ "ಲೈನಲ್ಲಿರಿ" ಅಂದರು. ಸ್ವಲ್ಪ ಹೊತ್ತಿಗೆ ಬಂದವರು ಸ್ವತಃ ಸರ್ಜನ್, ಒಬ್ಬ ಹೆಂಗಸು.

"ಈ ಪ್ರಶ್ನೆ ಕೇಳಿದ್ದು ಯಾರು?"

"ಮಗುವಿನ ತಾಯಿ, ಡಾಕ್ಟ್ರೇ."

"ಅವರಿಗೇ ಕೊಡಿ."

ಅವರು ಎಲ್ಲ ಹೇಳಿದರು. ಇಂಥ ಎಷ್ಟು ಮಕ್ಕಳಿಗೆ ಆಪರೇಷನ್ ಮಾಡಿದ್ದೇವೆ, ಎಷ್ಟು ಮನೆಗೆ ಹೋದವು, ಎಷ್ಟನ್ನು ಉಳಿಸಲಾಗಲಿಲ್ಲ. ಸವಿತಾ ಬಿಡಲಿಲ್ಲ. "ಹೋದ ಕೂಸುಗಳಿಗೆ ಎಂತಾಗಿತ್ತು?"

"ಕೆಲವು ತಡವಾಗಿ ಬಂದಿದ್ದವು. ಕೆಲವಕ್ಕೆ ಇನ್ಫೆಕ್ಷನ್ ಆಯ್ತು. ಒಂದೆರಡಕ್ಕೆ ಏನಾಯ್ತು ಅಂತ ನಮಗೂ ಗೊತ್ತಾಗಲಿಲ್ಲಮ್ಮ."

ಸವಿತಾ ಫೋನ್ ನನ್ನ ಕೈಗಿಟ್ಟಳು. "ಇವ್ರು ಮುಚ್ಚಿಡೋರಲ್ಲ ಸಾರ್. ಅಲ್ಲಿಗೇ ಹೋಗುವ."

"ದುಡ್ಡು ಎಲ್ಲಿಂದ ತರೋದು ಮಾರಾಯ್ತಿ?" ಸುರೇಶ.

"ಕೇಳುವ. ಕೊಡೋರು ಕೊಡ್ತಾರೆ."

ಕೊಟ್ಟರು! ತೋಟದ ಮಾಲೀಕರು, ಜೊತೆಯ ಕೆಲಸದವರು, ನನ್ನ ಅಂಗಡಿಗೆ ಬರುವವರು. ಉಳಿದದ್ದನ್ನು ಆಸ್ಪತ್ರೆಯ ನೆರವು ನಿಧಿ ನೋಡಿಕೊಂಡಿತು. ಆದರೆ ಊಟ, ಬಾಡಿಗೆ ರೂಮು, ತಪ್ಪಿದ ಕೂಲಿ? ಇವು ಯಾವ ಪ್ಯಾಕೇಜಿನಲ್ಲೂ ಇಲ್ಲ.

ಆಪರೇಷನ್ ದಿನ ನಾನು ಅಂಗಡಿಯಲ್ಲಿದ್ದೆ. ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ಸುರೇಶನ ನಂಬರ್. ಅಳು ಮಾತ್ರ ಕೇಳುತ್ತಿತ್ತು. ಆಮೇಲೆ ಸವಿತಾಳ ಧ್ವನಿ: "ಸಾರ್, ಬಣ್ಣ ಬಂತು! ಪಾದ ಎಲ್ಲ ಕೆಂಪು ಕೆಂಪು!"

ನಾನು ಕೂಗಿದ ಕೂಗಿಗೆ ಎದುರಿನ ಬೇಕರಿಯವರು ಓಡಿ ಬಂದರು. ನಾಲ್ಕು ಕಾಪಿ ಕೇಳಿದ್ದ ಗಿರಾಕಿಗೆ ಮೆಷಿನ್ನು ನಲವತ್ತು ಕಾಪಿ ತೆಗೆದಿತ್ತು. ಆ ಗಿರಾಕಿಯೂ ನಕ್ಕರು!

ಅಲ್ಲಿಗೇ ಮುಗಿಯಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಮತ್ತೆ ವೆಂಟಿಲೇಟರ್, ಮತ್ತೆ ಐಸಿಯು. ಇಪ್ಪತ್ತಮೂರು ದಿನದ ಮೇಲೆ ಮಗು ಮನೆಗೆ ಬಂತು. ಈಗಲೂ ಚೆಕಪ್‌ಗೆ ಹೋಗಿ ಬರುತ್ತಿದ್ದಾರೆ.

ಪ್ರಶ್ನೆ ಕೇಳಿದ್ದರಿಂದಲೇ ಕೂಸು ಉಳಿಯಿತು ಎಂದು ನಾನು ಹೇಳುತ್ತಿಲ್ಲ. ಅದೇ ಡಾಕ್ಟರ ಕೈಯಲ್ಲಿ ಉಳಿಯದ ಮಕ್ಕಳೂ ಇದ್ದರಲ್ಲ. ಆದರೆ ಸವಿತಾ ಏನನ್ನು ನಂಬಿ ಮಗಳನ್ನು ಒಳಗೆ ಕಳಿಸುತ್ತಿದ್ದೇನೆಂದು ತಿಳಿದೇ ಕಳಿಸಿದಳು. ಅಷ್ಟು ತಿಳಿಯುವ ಹಕ್ಕು ಯಾವ ತಾಯಿಗಿಲ್ಲ?

ಹೆಲ್ತ್ ಚೆಕಪ್ಪಿಗೆ ಎಷ್ಟು ಡಿಸ್ಕೌಂಟ್ ಎಂದು ರಸ್ತೆಯುದ್ದಕ್ಕೂ ಬೋರ್ಡ್ ಹಾಕುವ ಆಸ್ಪತ್ರೆಗಳು, ತಮ್ಮಲ್ಲಿಂದ ಎಷ್ಟು ಮಕ್ಕಳು ಮನೆಗೆ ಹೋದರು ಎಂಬ ಇನ್ನೊಂದೇ ಒಂದು ಸಾಲು ಬರೆಸಲು ಯಾಕೆ ಹೆದರುತ್ತವೆ?