ಮಗ್ಗ ನಿಂತಾಗ ತೆಗೆದ ಚಿತ್ರ

ಬನಹಟ್ಟಿಯ ನಮ್ಮ ಓಣಿಯಲ್ಲಿ ನೆಲ ಸುಮ್ಮನಿರುವುದು ಕರೆಂಟ್ ಹೋದಾಗ ಮಾತ್ರ. ಉಳಿದ ಹೊತ್ತೆಲ್ಲ ಎಡಕ್ಕೂ ಬಲಕ್ಕೂ ಹಿಂದಕ್ಕೂ ಪಾವರ್‌ಲೂಮ್ ಮಗ್ಗಗಳು ಬಡಿದುಕೊಳ್ಳುತ್ತಲೇ ಇರುತ್ತವೆ. ಗೂಡಿನಲ್ಲಿಟ್ಟ ಸ್ಟೀಲಿನ ತಾಟುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ತುಂಬಿದ ಕೊಡದ ನೀರಿನ ಮೇಲೆ ಸಣ್ಣ ಸುತ್ತುಗಳು ಏಳುತ್ತವೆ. ಈ ಮನೆಗೆ ಬಂದ ಹೊಸದರಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಮುಧೋಳದ ತವರಿಗೆ ಹೋದರೆ ಅಲ್ಲಿ ನಿದ್ದೆ ಬಾರದಾಯಿತು. ನಮ್ಮ ಊರಿನವರು ಏನೇ ಅಲುಗಾಡಿದರೂ ತಪ್ಪನ್ನು ಮಗ್ಗದ ಮೇಲೆ ಹಾಕುತ್ತಾರೆ. ಗೋಡೆ ಬಿರುಕು ಬಿಟ್ಟರೆ ಮಗ್ಗ, ಗಡಿಯಾರ ಹಿಂದೆ ಬಿದ್ದರೆ ಮಗ್ಗ, ಅತ್ತೆಯ ಕನ್ನಡಕ ಗೂಡಿನಿಂದ ಬಿದ್ದು ಒಡೆದರೂ ಮಗ್ಗವೇ. ನಾನೂ ನಮ್ಮ ಮನೆಯವರೂ ಹಾಗೇ ಮಾಡಿದೆವು.

ನಮ್ಮ ಮನೆಯವರಿಗೆ ಹಿತ್ತಲ ಕೋಣೆಯಲ್ಲಿ ಸ್ವಂತದ ನಾಲ್ಕು ಮಗ್ಗಗಳಿದ್ದವು. ನಾನು ರಬಕವಿಯ ಶಾಲೆಯಲ್ಲಿ ಶಿಕ್ಷಕಿ. ಅವರ ಕೈ ಎಂಥದೆಂದು ಓಣಿಗೆಲ್ಲ ಗೊತ್ತಿತ್ತು. ಹರಿದ ಎಳೆಯನ್ನು ಅವರು ಎರಡು ಬೆರಳಲ್ಲಿ ಹೊಸೆದು ಕೂಡಿಸಿದರೆ, ಗಂಟು ಎಲ್ಲಿದೆ ಎಂಬುದು ಆ ಸೀರೆ ಉಡುವವಳಿಗೂ ಸಿಗುತ್ತಿರಲಿಲ್ಲ. ಎಲ್ಲದಕ್ಕೂ ಕೈ ಬಿಗಿಹಿಡಿಯುವ ಈ ಮನುಷ್ಯನಿಗೆ ಒಂದೇ ಒಂದು ಷೋಕಿ, ಕ್ಯಾಮೆರಾ. ರೀಲು ಹಾಕುವ ಕಾಲದಿಂದಲೂ ಪ್ರತಿ ಬೇಸಿಗೆಗೆ ನನ್ನನ್ನೂ ಮಗಳನ್ನೂ ಬಸ್ಸು ಹತ್ತಿಸಿಕೊಂಡು ಹೋಗಿ, ವಾಪಸು ಬಂದವರೇ ಜಮಖಂಡಿಯಲ್ಲಿ ರೀಲು ತೊಳೆಸಿಕೊಂಡು ಬರುತ್ತಿದ್ದರು. ನಮ್ಮ ಆಲ್ಬಮ್ಮುಗಳನ್ನು ತೆರೆದರೆ ಅಜಂತಾದಲ್ಲಿ ನಾನು ಕಣ್ಣು ಮುಚ್ಚಿದ್ದೇನೆ, ಗೋವಾದಲ್ಲೂ ಕಣ್ಣು ಮುಚ್ಚಿದ್ದೇನೆ, ಹಂಪಿಯಲ್ಲಿ ಒಂದು ಕಣ್ಣು ಮಾತ್ರ ತೆರೆದಿದ್ದೇನೆ. ಅವರು ಯಾವುದರಲ್ಲೂ ಇಲ್ಲ. ಒಮ್ಮೆ ನನ್ನ ಕೈಗೆ ಕೊಡಿ ಎಂದರೆ, ನೀನು ಹಿಡಿದರೆ ಎಲ್ಲರ ತಲೆ ಕತ್ತರಿಸುತ್ತೀ ಎಂದು ಕ್ಯಾಮೆರಾವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು.

ದೂರದ್ದನ್ನು ಹತ್ತಿರಕ್ಕೆ ತರುವ ಕ್ಯಾಮೆರಾದ ಹುಚ್ಚು ಹಿಡಿದದ್ದು ಮಗಳನ್ನು ಬೀಳಗಿಗೆ ಕೊಟ್ಟ ಮೇಲೆ. ಆಲಮಟ್ಟಿ ಅಣೆಕಟ್ಟಿನ ಗೇಟು ಇಳಿಸಿದ್ದರಿಂದ ಆ ಕಡೆ ಹೊಲವೆಲ್ಲ ನೀರಾಗಿತ್ತು. ಚಳಿಗಾಲಕ್ಕೆ ಆ ನೀರಿಗೆ ರಾಜಹಂಸಗಳು ಬರತೊಡಗಿದವು. ಬೀಗರ ಮನೆಯವರು ತಮ್ಮ ಹೊಲ ಇದ್ದ ಜಾಗ ತೋರಿಸಲು ಕರೆದುಕೊಂಡು ಹೋದರೆ, ಇವರು ಹೊಲ ಬಿಟ್ಟು ಹಕ್ಕಿ ನೋಡುತ್ತ ನಿಂತರು. ಆಗ ಅವರ ಬಳಿ ಇದ್ದದ್ದು ಚಿಕ್ಕದೊಂದು ಡಿಜಿಟಲ್ ಕ್ಯಾಮೆರಾ. ಅದರಲ್ಲಿ ಹಕ್ಕಿಗಳು ನೆಲಕ್ಕೆ ಚೆಲ್ಲಿದ ನುಚ್ಚಿನಂತೆ ಬಂದವು. ಇದರ ಜೊತೆಗೆ, ಬರುವ ಬೇಸಿಗೆಗೆ ಜಮಖಂಡಿಯಿಂದ ಹೊರಡುವ ಯಾತ್ರೆಯ ಬಸ್ಸಿನಲ್ಲಿ ಹಿಮಾಲಯದ ಕಡೆ ಹೋಗಲು ಸೀಟು ಹೇಳಿಟ್ಟಿದ್ದೆವು. ಅಲ್ಲಿ ಗುಡ್ಡಗಳು ಕಣ್ಣಿಗೆ ಕಾಣುತ್ತವೆ, ಕಾಲಿಗೆ ಸಿಗುವುದಿಲ್ಲ; ಉದ್ದ ಜೂಮ್ ಇಲ್ಲದ ಕ್ಯಾಮೆರಾ ಒಯ್ದರೂ ಒಂದೇ ಬಿಟ್ಟರೂ ಒಂದೇ ಎಂದು ಅವರ ವಾದ. ಹಾಗಂತ ಮದುವೆ ಮನೆಯ ಫೋಟೋದವರಂತೆ ಚೀಲ ತುಂಬ ಲೆನ್ಸು ಹೊತ್ತುಕೊಂಡು ತಿರುಗಲು ಆಗುವುದಿಲ್ಲ. ಅಂಗಿಯ ಕಿಸೆಯಲ್ಲಿ ಹಿಡಿಸಬೇಕು, ದೂರದ ಹಕ್ಕಿಯ ಕಣ್ಣು ಕಾಣಬೇಕು.

ಹೀಗೆ 2010ರ ಆಸುಪಾಸಿನ ಒಂದು ಭಾನುವಾರ ರೀಲು ತೊಳೆಸುತ್ತಿದ್ದ ಜಮಖಂಡಿಯ ಅದೇ ಹಳೆಯ ಅಂಗಡಿಗೆ ಹೋದೆವು. ಅಂಗಡಿಯವರು ಗುರುತಿನವರು, ತಾಳ್ಮೆಯವರು. ಎಲ್ಲ ಜೂಮೂ ಒಂದೇ ಅಲ್ಲ, ಲೆನ್ಸು ಹೊರಗೆ ಚಾಚಿಕೊಂಡು ಹತ್ತಿರ ತರುವುದು ಖರೆ ಜೂಮು, ಉಳಿದದ್ದು ಇದ್ದ ಚಿತ್ರವನ್ನೇ ಹಿಗ್ಗಿಸುವುದು, ಡಬ್ಬಿಯ ಮೇಲೆ ಬರೆದ ದೊಡ್ಡ ಅಂಕಿಗೆ ಮರುಳಾಗಬೇಡಿ ಎಂದು ತಿಳಿಸಿ ಹೇಳಿದರು. ನಂತರ ಒಂದು ಕ್ಯಾಮೆರಾ ಕೈಗಿಟ್ಟು, ಬಾಗಿಲಲ್ಲಿ ನಿಂತು ದೂರದ ನೀರಿನ ಟಾಕಿ ನೋಡಲು ಹೇಳಿದರು. ಟಾಕಿಯ ಮೇಲೆ ಯಾವುದೋ ಸಿಮೆಂಟಿನ ಜಾಹೀರಾತು ಬರೆದಿತ್ತು. ನಾನು ನಮ್ಮವರ ಹೆಗಲ ಮೇಲಿಂದ ಇಣುಕಿದೆ. ಟಾಕಿ ಓಡಿಬಂದಂತೆ ಹತ್ತಿರ ಬಂತು, ಆದರೆ ಅಕ್ಷರಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಚಿತ್ರ ತೆಗೆದು ನೋಡಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೋಗುತ್ತಿವೆ, ನಿಮ್ಮ ಅಂಗಡಿಯ ನೆಲವೇ ನಡುಗುತ್ತದೆ ಎಂದರು ನಮ್ಮವರು. ಅಂಗಡಿಯವರು ಪಾಪ, ವ್ಯಾಪಾರದ ಹುರುಪಿನಲ್ಲಿ ಇನ್ನೊಂದನ್ನು ತೆಗೆದು, "ಇದನ್ನ ನೋಡ್ರಿ ಸಾವ್ಕಾರ್ರ. ಕೈ ನಡಗಿದ್ರೂ ಚಿತ್ರ ನಡಗಬಾರದು ಅಂತ ಇದರಾಗ ಬ್ಯಾರೆ ವ್ಯವಸ್ಥಾ ಮಾಡ್ಯಾರ" ಎಂದರು.

"ನಾ ನೇಕಾರ ಅದೀನಿ. ನನ್ನ ಕೈ ಯಾಕ ನಡಗತಾವು?"

ಆ ದನಿ ಕೇಳಿ ಅಂಗಡಿಯವರು ಕ್ಯಾಮೆರಾವನ್ನು ಗಾಜಿನ ಕಪಾಟಿಗೆ ವಾಪಸಿಟ್ಟರು. ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಮುಂದಿನ ವಾರ ಮುಧೋಳದ ಅಂಗಡಿ. ಅಲ್ಲಿ ಒಂದು ಹಗುರವಾಯಿತು, ಹಗುರವಾದರೆ ಕೈಯಲ್ಲಿ ನಿಲ್ಲುವುದಿಲ್ಲವಂತೆ. ಇನ್ನೊಂದು ಭಾರವಾಯಿತು. ಮತ್ತೊಂದಕ್ಕೆ ಹಿಡಿಯಲು ಸರಿಯಾದ ಉಬ್ಬು ಇಲ್ಲ. ಬದನೆಕಾಯಿ ತರಲು ಕಳಿಸಿದರೆ ಹುಳುಕನ್ನೇ ಆರಿಸಿ ತರುವ ಮನುಷ್ಯ ಇಲ್ಲಿ ಮಾತ್ರ ಎಷ್ಟು ಕಣ್ಣುಳ್ಳವರಾದಿರಿ ಎಂದು ನಾನು ಛೇಡಿಸಿದೆ. ವಾಪಸು ಬರುವ ಬಸ್ಸಿನಲ್ಲಿ ಅವರು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಆಗ ನನಗೆ ಒಂದೊಂದೇ ನೆನಪಾಗತೊಡಗಿತು. ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುವುದನ್ನು ಅವರು ಬಿಟ್ಟು ಎಷ್ಟು ದಿನವಾಗಿತ್ತು? ಬಸಿಯಲ್ಲಿ ಬೇಗ ಆರಿಹೋಗುತ್ತದೆ, ಲೋಟದಲ್ಲೇ ಕೊಡು ಎಂದಿದ್ದರು. ಎಳೆ ಹರಿದರೆ ಈಗ ಆಳನ್ನು ಕೂಗುತ್ತಿದ್ದರು, ಕಣ್ಣು ಮಂಜಾಗಿವೆ ಎಂದು ಹೇಳಿ. ಗುಂಡಿ ಹಾಕುವ ಅಂಗಿ ಬಿಟ್ಟು ಜುಬ್ಬಾ ಹಿಡಿದಿದ್ದರು, ಸೆಕೆಗೆ ಛಲೋ ಎಂದು. ಪ್ರತಿಯೊಂದಕ್ಕೂ ಒಂದು ಕಾರಣವಿತ್ತು, ಪ್ರತಿಯೊಂದನ್ನೂ ನಾನು ನಂಬಿದ್ದೆ. ಬಾಯಿಬಡುಕಿ ಎಂದು ಹೆಸರಾದವಳು ನಾನು, ಆದರೆ ಇದನ್ನು ಏನಂತ ಹೇಳುವುದು? ಕ್ಯಾಮೆರಾದಲ್ಲಿ ಐಬಿಲ್ಲ, ನಿಮ್ಮ ಕೈಯಲ್ಲಿದೆ ಎಂದು ಹೇಳಲೇ?

ಮತ್ತೆ ಜಮಖಂಡಿಗೆ ಹೋದಾಗ ಅಂಗಡಿಯವರೇ ಒಂದು ದಾರಿ ತೋರಿಸಿದರು. ಹಳೆಯ ಗಿರಾಕಿ ಎಂಬ ವಿಶ್ವಾಸದಿಂದ ಒಂದು ಕ್ಯಾಮೆರಾವನ್ನು ಮನೆಗೆ ಒಯ್ದು ನೋಡಲು ಕೊಟ್ಟರು. ಮನೆಯಲ್ಲಿ ತೆಗೆದ ಚಿತ್ರಗಳೂ ಕದಡಿಕೊಂಡೇ ಬಂದವು. ಆದರೆ ನಮ್ಮವರ ಮುಖದಲ್ಲಿ ಕಳೆ ಬಂತು. ಮನೆಯ ನೆಲವೇ ಅಲುಗುವಾಗ ಚಿತ್ರ ನಿಂತೀತು ಹೇಗೆ, ಇಷ್ಟು ಜೂಮಿನಲ್ಲಿ ಕೂದಲೆಳೆ ಅಲುಗಿದರೂ ಕಾಣುತ್ತದೆ, ಕರೆಂಟ್ ಹೋಗಲಿ ನೋಡೋಣ ಎಂದರು. ನನಗೂ ಆ ಮಾತು ಖರೆ ಅನ್ನಿಸಿತು. ಅನ್ನಿಸಿತು ಎನ್ನುವುದಕ್ಕಿಂತ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಕರೆಂಟ್ ಹೋದರೆ ವಿದ್ಯುತ್ ಇಲಾಖೆಯವರಿಗೆ ಹಿಡಿಶಾಪ ಹಾಕುವ ಮನೆ ನಮ್ಮದು. ಅವತ್ತು ಇಬ್ಬರೂ ಕರೆಂಟ್ ಹೋಗುವುದನ್ನೇ ಕಾಯುತ್ತ ಕೂತೆವು.

ಮಧ್ಯಾಹ್ನ ಊಟವಾದ ಮೇಲೆ ಹೋಯಿತು. ನಮ್ಮ ಮಗ್ಗ, ಪಕ್ಕದವರ ಮಗ್ಗ, ಆಚೆ ಓಣಿಯ ಮಗ್ಗ, ಎಲ್ಲ ಒಮ್ಮೆಲೇ ನಿಂತವು. ಅವರು ಕ್ಯಾಮೆರಾ ಹಿಡಿದು ಮಾಳಿಗೆ ಹತ್ತಿದರು, ನಾನು ಬೆನ್ನ ಹಿಂದೆ. ದೂರದ ಒಂದು ಮಾಳಿಗೆಯ ಮೇಲೆ ಬಣ್ಣ ಹಾಕಿದ ಕೆಂಪು ನೂಲಿನ ಲಡಿಗಳನ್ನು ಒಣಗಲು ತೂಗುಬಿಟ್ಟಿದ್ದರು. ಗಾಳಿ ಇರಲಿಲ್ಲ, ನೂಲು ಅಲುಗುತ್ತಿರಲಿಲ್ಲ. ಅವರು ಮೊಣಕೈಗಳನ್ನು ಕಟ್ಟೆಯ ಮೇಲೆ ಊರಿ, ಉಸಿರು ಬಿಗಿಹಿಡಿದು ಒತ್ತಿದರು. ನೋಡಿದರು. ಮತ್ತೆ ಒತ್ತಿದರು. ಕಾಲು ಅಗಲಿಸಿ ನಿಂತು ಒತ್ತಿದರು, ಕೂತು ಒತ್ತಿದರು. ಎಳೆ ಎಳೆಯಾಗಿ ಕಾಣಬೇಕಿದ್ದ ನೂಲು ಪ್ರತಿ ಸಲವೂ ಒದ್ದೆ ಬಣ್ಣವನ್ನು ಯಾರೋ ಒರೆಸಿದಂತೆ ಬಂತು.

ಊರು ಎಷ್ಟು ಸುಮ್ಮನಿತ್ತೆಂದರೆ, ಕೆಳಗೆ ಯಾರೋ ಮೊರದಲ್ಲಿ ಜೋಳ ಕೇರುವ ಸಪ್ಪಳ ಮಾಳಿಗೆಯ ಮೇಲೆ ಕೇಳುತ್ತಿತ್ತು. ಅವರು ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದರು: "ಮಗ್ಗ ಎಲ್ಲಾ ನಿಂತಾವಲ್ಲ?"

ನಾನು ಏನು ಮಾಡಬೇಕಿತ್ತು? ಇಂದಿಗೂ ನನಗೆ ತಿಳಿದಿಲ್ಲ. "ಇಲ್ರೀ, ಇನ್ನೂ ಎಲ್ಲೋ ನಡದಾವು. ಆಚಿ ಓಣ್ಯಾಗ ಜನರೇಟರ್ ಹಾಕ್ಯಾರ ಅನಸ್ತೈತಿ" ಎಂದೆ.

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. ಆಮೇಲೆ, "ಹೌದು, ಕೇಳಸಾಕತ್ತೈತಿ" ಎಂದರು.

ಕೆಳಗಿಳಿದು ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ.

ವೈದ್ಯರ ಹತ್ತಿರ ಹೋಗೋಣ ಎಂದು ಅವರೇ ಹೇಳಿದರು, ಕ್ಯಾಮೆರಾ ಹಿಂದಿರುಗಿಸಿ ಬಂದ ದಿನ. ಬಾಗಲಕೋಟೆಯಲ್ಲಿ ನರಗಳ ವೈದ್ಯರು ಅವರನ್ನು ನಡೆಸಿದರು, ತಿರುಗಿಸಿದರು, ಒಂದು ಹಾಳೆಯ ಮೇಲೆ ಸುರುಳಿ ಬರೆಯಲು ಹೇಳಿದರು. ಇದು ನರಗಳಿಂದ ಬಂದ ನಡುಕ, ಪೂರ್ತಿ ಹೋಗುವ ರೋಗವಲ್ಲ, ಗುಳಿಗೆಯಿಂದ ನಿಧಾನ ಮಾಡಬಹುದು, ಧೈರ್ಯವಾಗಿರಿ ಎಂದರು. ನಮ್ಮವರು ಒಂದೇ ಪ್ರಶ್ನೆ ಕೇಳಿದರು, ಇದು ಮಗ್ಗದ ನಡುಕದಿಂದ ಬಂದದ್ದೋ ಎಂದು. ಅಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ವೈದ್ಯರು. ಹೌದು ಎಂದಿದ್ದರೆ ಎಷ್ಟು ಚೆನ್ನಾಗಿತ್ತು. ಮಗ್ಗ ಮಾರಿ, ನೆಲ ನಡುಗದ ಊರಿಗೆ ಹೋಗಿ ಇರುತ್ತಿದ್ದೆವು. ಮಾಡುವುದಕ್ಕೆ ಏನಾದರೂ ಒಂದು ಇರುತ್ತಿತ್ತು. ಈಗ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ, ಶಾಲೆಯಲ್ಲಿ ಸುಮ್ಮಸುಮ್ಮನೆ ಮಕ್ಕಳನ್ನು ಗದರುತ್ತಿದ್ದೆ.

ಯಾತ್ರೆಯ ಸೀಟು ಬಿಟ್ಟುಬಿಡೋಣ ಎಂದು ನಾನು ಹೇಳಿದೆ. ಅವರು ಕೇಳಲಿಲ್ಲ. ಕಾಲು ಚೆನ್ನಾಗಿವೆ, ಕಣ್ಣು ಚೆನ್ನಾಗಿವೆ, ಹೋಗುವುದೇ ಸೈ ಎಂದರು. ಹೊರಡಲು ಕೆಲವೇ ದಿನ ಇರುವಾಗ ಮತ್ತೆ ಜಮಖಂಡಿಗೆ ನಡೆ ಎಂದರು. ಗುಳಿಗೆ ಹಿಡಿಸಿ ಕೈ ನಿಂತಿರಬಹುದು, ಕ್ಯಾಮೆರಾ ನೋಡಬೇಕೆನ್ನಿಸಿದೆ ಎಂದುಕೊಂಡು ನಾನು ಆಸೆಯಿಂದಲೇ ಹೋದೆ. ಅಂಗಡಿಯವರು ಎಂದಿನಂತೆ ಕ್ಯಾಮೆರಾಗಳನ್ನು ತೆಗೆದು ಅವರ ಮುಂದೆ ಸಾಲಾಗಿ ಇಟ್ಟರು. ಅವರು ಯಾವುದನ್ನೂ ಮುಟ್ಟಲಿಲ್ಲ.

"ಈಕಿ ಕೈಗೆ ಕೊಟ್ಟು ನೋಡ್ರಿ. ಯಾವುದು ಕೂಡತೈತಿ, ಅದ ಇರಲಿ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಮುಟ್ಟಗೊಡದವರು ಈಗ ಹೀಗೆ ಕೊಟ್ಟರೆ ಯಾರಿಗೆ ಬೇಕು? ನಾನು ಕೈ ಹಿಂದೆ ಕಟ್ಟಿಕೊಂಡೆ. "ನನಗ ಬರೂದಿಲ್ರೀ. ತಲಿ ಕತ್ತರಸ್ತೀನಿ" ಎಂದೆ.

"ಕತ್ತರಸು. ಅಲ್ಲಿ ಇರೂದು ಬರೇ ಗುಡ್ಡ."

ಅಂಗಡಿಯವರು ನಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಾನು ಒಂದನ್ನು ಹಿಡಿದೆ. ನನ್ನ ಬೆರಳು ಗಿಡ್ಡ, ಗುಂಡಿ ದೂರವಾಯಿತು. ಇನ್ನೊಂದು ಹಿಡಿದೆ. ಅದು ಅಂಗೈಯಲ್ಲಿ ಸರಿಯಾಗಿ ಕೂತಿತು. ಬಾಗಿಲಲ್ಲಿ ನಿಲ್ಲಿಸಿ, ಯಾವ ಕಡೆ ಒತ್ತಿದರೆ ಲೆನ್ಸು ಚಾಚುತ್ತದೆ ಎಂದು ಪಕ್ಕದಲ್ಲಿ ನಿಂತು ನಮ್ಮವರೇ ಹೇಳಿಕೊಟ್ಟರು. ಟಾಕಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಸಿಮೆಂಟಿನ ಜಾಹೀರಾತಿನ ಅಕ್ಷರಗಳು ಶಾಲೆಯ ಮಕ್ಕಳ ಪಾಟಿಯ ಮೇಲೆ ಬರೆದಂತೆ ನಿಂತಿದ್ದವು. ನನ್ನ ಕೈ ನಡುಗಲಿ, ಸ್ವಲ್ಪವಾದರೂ ನಡುಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕೈ ನಡುಗಲಿಲ್ಲ. ಅವರು ಪರದೆಯ ಮೇಲೆ ಬಗ್ಗಿ ಆ ಅಕ್ಷರಗಳನ್ನು ಒಂದೊಂದಾಗಿ ಓದಿದರು, ಇದೇ ಇರಲಿ ಎಂದರು.

ಕ್ಯಾಮೆರಾದ ಜೊತೆ ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯೊಂದನ್ನು ಅಂಗಡಿಯವರು ಕೊಟ್ಟರು. ನನಗೆ ಅದು ಉದ್ದವಾಗಿ ಕ್ಯಾಮೆರಾ ಹೊಟ್ಟೆಯ ಮೇಲೆ ಜೋತಾಡುತ್ತಿತ್ತು. ಕಡಿಮೆ ಮಾಡಬೇಕೆಂದರೆ ಹಿಂದಿನ ಸಣ್ಣ ಬಕಲಿನಲ್ಲಿ ಪಟ್ಟಿಯ ತುದಿ ತೂರಿಸಿ ಎಳೆಯಬೇಕು. ನಿಲ್ಲು ಎಂದು ಹೇಳಿ ನಮ್ಮವರು ನನ್ನ ಹಿಂದೆ ಬಂದರು. ನಾನು ಕತ್ತು ಬಗ್ಗಿಸಿದೆ. ಪಟ್ಟಿಯ ತುದಿ ಬಕಲಿಗೆ ತಾಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಮದುವೆಯ ದಿನ ತಾಳಿಯ ಗಂಟು ಹಾಕಿ ಮುಗಿಸಿದ್ದು ನನಗೆ ಗೊತ್ತೇ ಆಗಿರಲಿಲ್ಲ, ಅಷ್ಟು ಚುರುಕಾಗಿದ್ದವು ಆ ಬೆರಳುಗಳು. ತಾಳಿ ಕಟ್ಟುವಾಗಲೂ ಇಷ್ಟು ಹೊತ್ತು ಹಿಡಿದಿರಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರ ಬೆರಳು ನನ್ನ ಕತ್ತಿಗೆ ತಾಗುತ್ತಿತ್ತು, ಬಿಡುತ್ತಿತ್ತು, ಮತ್ತೆ ತಾಗುತ್ತಿತ್ತು. ಅಂಗಡಿಯವರು ನೆರವಿಗೆಂದು ಕೈ ಚಾಚಿದರು. ಬೇಡವೆಂದು ಅವರಿಗೆ ಕಣ್ಣಲ್ಲೇ ಹೇಳಿ, ತಲೆಯನ್ನು ಇನ್ನಷ್ಟು ತಗ್ಗಿಸಿ ನಿಂತೆ.