ನಮ್ಮ ಮನೆತನದಾಗ ಯಾವ ಬ್ಯಾನೀನೂ ಇಲ್ಲ

ಮೂತ್ರ ಕೆಂಪಗೆ ಹೋದದ್ದು ಒಂದು ಸೋಮವಾರ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ಮಾಡಿದ್ದೆ, ಅದರ ಬಣ್ಣವೇ ಇರಬೇಕು ಎಂದುಕೊಂಡೆ. ಮಂಗಳವಾರವೂ ಹಾಗೇ. ಬುಧವಾರ ಬಲಗಡೆ ಪಕ್ಕೆ ಹಿಡಿದುಕೊಂಡಿತು. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ ಅದು. ಒಂದು ಕೂಸನ್ನು ತಕ್ಕಡಿಯಲ್ಲಿ ಕೂರಿಸಲು ಬಗ್ಗಿದವಳು ಮತ್ತೆ ಏಳಲಿಕ್ಕಾಗದೆ ಅಲ್ಲೇ ನೆಲದ ಮೇಲೆ ಕುಳಿತೆ.

ನಾನು ಚಿಕ್ಕೇರೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಊರಿನ ಹೆಂಗಸರಿಗೆಲ್ಲ ಅಕ್ಕೋರು. ಬಸುರಿಯರ ತಾಯಿ ಕಾರ್ಡ್ ನೋಡುವುದು, ಕಬ್ಬಿಣದ ಗುಳಿಗೆ ನುಂಗಿದರೋ ತಿಪ್ಪೆಗೆ ಎಸೆದರೋ ವಿಚಾರಿಸುವುದು, ತವರಿನಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯೇ ಎಂದು ಕೆದಕಿ ಕೇಳುವುದು ನನ್ನ ಕೆಲಸ. ಸುಳ್ಳು ಹೇಳಿದವರನ್ನು ಸುಮ್ಮನೆ ಬಿಟ್ಟವಳಲ್ಲ. ನನ್ನ ಬಿಪಿಯನ್ನು ಮಾತ್ರ ಒಂದು ದಿನವೂ ನೋಡಿಸಿರಲಿಲ್ಲ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಹಿರೇಕೆರೂರಿನ ಆಸ್ಪತ್ರೆಯಲ್ಲಿ ಬಿಪಿ ನೂರಾ ತೊಂಬತ್ತು ಇತ್ತು. ನರ್ಸ್ ಎರಡನೇ ಸಲ ಪಟ್ಟಿ ಸುತ್ತಿ ನೋಡಿದಳು. ಅಷ್ಟೇ. ಸ್ಕ್ಯಾನ್ ಆಯಿತು, ಚೀಟಿ ಬರೆದರು, ಹುಬ್ಬಳ್ಳಿಗೆ ಹೋಗಿ ಎಂದರು.

ಹುಬ್ಬಳ್ಳಿಯ ಕಿಡ್ನಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಖ ನೋಡಿ ಮಾತಾಡುತ್ತಿದ್ದರು, ಅದಕ್ಕೇ ಇಷ್ಟವಾದರು. ಪಾಲಿಸಿಸ್ಟಿಕ್ ಕಿಡ್ನಿ ಎಂದರು. ಎರಡೂ ಕಿಡ್ನಿಯಲ್ಲಿ ನೀರಿನ ಗುಳ್ಳೆಗಳು ತುಂಬಿವೆ, ಒಂದರ ಆಸುಪಾಸು ಇರಬೇಕಾದ ಕ್ರಿಯೇಟಿನಿನ್ ಮೂರೂವರೆ ಇದೆ, ಡಯಾಲಿಸಿಸ್ ಈಗಲೇ ಬೇಡ, ಆದರೆ ದೂರವೂ ಇಲ್ಲ. ಇದು ತಾಯಿಯಿಂದಲೋ ತಂದೆಯಿಂದಲೋ ಬರುವ ಕಾಯಿಲೆ. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲೇ ಗೊತ್ತಾದರೆ ಬಿಪಿ ಹಿಡಿತದಲ್ಲಿಟ್ಟುಕೊಂಡು ಕಿಡ್ನಿಯನ್ನು ಬಹಳ ವರ್ಷ ಕಾಯಬಹುದು. ಗೊತ್ತಾಗದಿದ್ದರೆ ನನ್ನ ಹಾಗೆ ಆಗುತ್ತದೆ.

ಅರ್ಥವಾಯಿತೇ ಎಂದು ಕೇಳಿದರು. ಅರ್ಥವಾಗದೆ ಏನು? ಮದುವೆಗೆ ಮುಂಚೆ ನಾಲ್ಕು ಹಂಗಾಮು ನನ್ನ ತವರು ಮಾಸೂರಿನ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಿದವಳು ನಾನು. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ಕೀಳುವುದು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ಸವರುವುದು. ತಾಯಿ ಗಿಡದ ಗುಣ ಬೀಜದಲ್ಲಿ ಕುಳಿತಿರುತ್ತದೆ. ಬೀಜ ಯಾವ ದೇಶಕ್ಕೆ ಹೋದರೂ, ಚೀಲದ ಮೇಲೆ ಯಾರ ಹೆಸರು ಹಾಕಿದರೂ.

"ಎಷ್ಟ ಮಕ್ಕಳ್ರೀ ನಿಮಗ? ಎಲ್ಲಾರದೂ ಸ್ಕ್ಯಾನ್ ಆಗಬೇಕು."

"ಒಬ್ಬಾಕಿ ಮಗಳ್ರಿ," ಎಂದರು ನಮ್ಮ ಮನೆಯವರು, ಪಕ್ಕದಲ್ಲಿ ನಿಂತಿದ್ದ ರೇಖಾಳನ್ನು ತೋರಿಸಿ.

ಇಬ್ಬರು, ಎಂದೆ ನಾನು.

ರೇಖಾ ನನ್ನನ್ನು ನೋಡಿದಳು. ಇವರು ನೆಲ ನೋಡಿದರು. ಡಾಕ್ಟರು ಏನೂ ಕೇಳದೆ ಎರಡು ಎಂದು ಬರೆದುಕೊಂಡರು. ಮೂವತ್ತು ವರ್ಷದಲ್ಲಿ ಆ ಅಂಕಿ ಕಾಗದದ ಮೇಲೆ ಬಂದದ್ದು ಅದೇ ಮೊದಲು.

ವಾಪಸ್ ಬರುವಾಗ ಹಾನಗಲ್ ದಾಟುವ ಹೊತ್ತಿಗೆ ರೇಖಾಳಿಗೆ ಎಲ್ಲ ಹೇಳಿ ಮುಗಿಸಿದ್ದೆ. ಬಸ್ಸಿನಲ್ಲೇ ಹೇಳಿದೆ, ಮನೆಗೆ ಹೋದರೆ ಧೈರ್ಯ ಕರಗೀತು ಎಂದು. ಹತ್ತೊಂಬತ್ತಕ್ಕೆ ನಾನು ಬಸುರಾದದ್ದು, ನನ್ನ ಅವ್ವ ನನ್ನನ್ನು ದೂರದ ಊರಿನ ಒಂದು ಆಶ್ರಮಕ್ಕೆ ಕರೆದೊಯ್ದದ್ದು, ಮಗಳು ಹೊಲಿಗೆ ಕಲಿಯಲು ಹೋಗಿದ್ದಾಳೆ ಎಂದು ಮಾಸೂರಿನಲ್ಲಿ ಹೇಳಿಕೊಂಡು ತಿರುಗಿದ್ದು. ಹೆಣ್ಣುಕೂಸು. ಹನ್ನೊಂದು ದಿನ ಮೊಲೆಯೂಡಿದೆ. ಹನ್ನೆರಡನೇ ದಿನ ಸಹಿ ಮಾಡಿದೆ. ಕೂಸು ಬೆಲ್ಜಿಯಂ ದೇಶಕ್ಕೆ ಹೋಯಿತು ಎಂದು ಆಮೇಲೆ ತಿಳಿಯಿತು. ಮದುವೆಗೆ ಮುಂಚೆಯೇ ಇವರಿಗೆ ಹೇಳಿದ್ದೆ. ಕೇಳಿ, ಇನ್ನೊಮ್ಮೆ ಈ ಮಾತು ಬೇಡ ಎಂದಿದ್ದರು. ಇವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಅದರ ಅಪ್ಪ ಯಾರು ಎಂದು ಓದುವವರಿಗೆ ಕುತೂಹಲವಿರಬಹುದು. ಇರಲಿ. ಯಾರಿಗೆ ತಿಳಿಯಬೇಕೋ ಅವಳಿಗೆ ತಿಳಿಸಿದ್ದೇನೆ.

ನನ್ನನ್ನು ಸುಡುತ್ತಿದ್ದದ್ದು ಕೂಸನ್ನು ಕೊಟ್ಟದ್ದಲ್ಲ. ಹತ್ತೊಂಬತ್ತರ ಆ ಹುಡುಗಿಗೆ ಬೇರೆ ದಾರಿ ಇರಲಿಲ್ಲ, ಅವಳ ಮೇಲೆ ತಪ್ಪು ಹೊರಿಸಲು ನಾನು ಯಾರನ್ನೂ ಬಿಡುವುದಿಲ್ಲ. ಸುಡುತ್ತಿದ್ದದ್ದು ಎರಡು ವರ್ಷದ ಹಿಂದೆ, ನಲವತ್ತೇಳರ ಹೆಂಗಸು, ಊರಿಗೆಲ್ಲ ಬುದ್ಧಿ ಹೇಳುವ ಅಕ್ಕೋರು, ಹಿತ್ತಲಿನಲ್ಲಿ ನಿಂತು ಹೇಳಿದ ಒಂದು ಮಾತು.

ಅವಳು ಬಂದಿದ್ದಳು.

ಶ್ರಾವಣದಲ್ಲಿ ಒಂದು ಕಾರು ಮನೆ ಮುಂದೆ ನಿಂತಿತು. ಧಾರವಾಡದ ಒಬ್ಬ ಬಾಯಿ, ಇಂಥ ಮಕ್ಕಳಿಗೆ ಹಡೆದವರನ್ನು ಹುಡುಕಿಕೊಡುವ ಹೆಂಗಸು, ಜೊತೆಗೆ ಪ್ಯಾಂಟು ಹಾಕಿದ ಒಬ್ಬ ಹುಡುಗಿ. ಹೆಂಗಸರ ಆರೋಗ್ಯದ ವಿಚಾರ ಕೇಳಲು ಬಂದಿದ್ದೇವೆ ಎಂದರು, ನೆರೆಯವರು ಕೇಳಿಸಿಕೊಳ್ಳಲಿ ಎಂದು. ಹುಡುಗಿ ಯಾರೆಂದು ಹೇಳುವುದೇ ಬೇಕಿರಲಿಲ್ಲ. ನನ್ನ ಅವ್ವನ ಹಣೆ, ನನ್ನ ಅವ್ವನ ಗದ್ದ, ನಮ್ಮ ಅಂಗಳದಲ್ಲಿ ನಿಂತಿದ್ದವು. ಆ ಬಾಯಿ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದರು: ಇವಳ ಹೆಸರು ಹನ್ನಾ, ಇವಳಿಗೆ ನಿಮ್ಮಿಂದ ಏನೂ ಬೇಕಾಗಿಲ್ಲ, ಒಮ್ಮೆ ನೋಡಿ ಹೋಗಬೇಕು, ಅಷ್ಟೇ. ನಾನಲ್ಲ ಎಂದೆ. ನೀವು ಯಾರನ್ನೋ ಹುಡುಕಿ ಯಾರ ಮನೆಗೋ ಬಂದಿದ್ದೀರಿ ಎಂದೆ. ಆಗ ಹಿಂದೆಯೇ ಬಂದಿದ್ದ ಹುಡುಗಿ ಮೆಲ್ಲಗೆ ಏನೋ ಕೇಳಿದಳು. ಆ ಬಾಯಿ ನನಗೆ ತಿಳಿಸಿದರು: ಅಲ್ಲಿನ ಡಾಕ್ಟರರು ಪ್ರತಿ ಸಲವೂ ಮನೆತನದಲ್ಲಿ ಏನು ಕಾಯಿಲೆ ಇದೆ ಎಂದು ಕೇಳುತ್ತಾರಂತೆ, ಇವಳು ಪ್ರತಿ ಸಲವೂ ಗೊತ್ತಿಲ್ಲ ಎನ್ನುತ್ತಾಳಂತೆ. ಅದೊಂದನ್ನು ಹೇಳಿ, ನಾವು ಹೊರಟು ಹೋಗುತ್ತೇವೆ.

ನಾನು ಹೇಳಿದೆ:

"ನಮ್ಮ ಮನೆತನದಾಗ ಯಾವ ಬ್ಯಾನೀನೂ ಇಲ್ಲ. ಎಲ್ಲಾರೂ ಗಟ್ಟಿಮುಟ್ಟ ಅದೇವಿ."

ಯೋಚಿಸಿ ಹೇಳಿದ ಮಾತಲ್ಲ. ನಮ್ಮ ಕಡೆ ಕನ್ಯೆ ನೋಡಲು ಬಂದವರು ಕೇಳುವುದೂ ಇದನ್ನೇ, ಮನೆಯವರು ಕೊಡುವುದೂ ಇದೇ ಉತ್ತರ. ಮೂರ್ಛೆರೋಗವಿದ್ದರೂ, ಹುಚ್ಚಿದ್ದರೂ, ತೊನ್ನಿದ್ದರೂ ಇದೇ. ಮನೆತನದಲ್ಲಿ ಕಾಯಿಲೆ ಎಂದರೆ ಸಂಬಂಧ ಬರುವುದಿಲ್ಲ. ಚಿಕ್ಕಂದಿನಿಂದ ಕೇಳಿ ಕೇಳಿ ನಾಲಿಗೆಗೆ ಅಂಟಿದ್ದು ತಾನೇ ಬಂತು. ನನ್ನ ಅವ್ವ ಐವತ್ತೊಂದಕ್ಕೆ ಮುಖ, ಕಾಲು ಬಾತು, ನೀರು ಕುಡಿದರೂ ವಾಂತಿ ಮಾಡಿಕೊಂಡು ಸತ್ತಿದ್ದಳು. ಮದಗದ ಕೆರೆ ನೀರು ಆಗಿಬರಲಿಲ್ಲ ಎಂದು ನಾವೇ ಊರಿಗೆ ಹೇಳಿದ್ದೆವು.

ನಾನು ನಿಜವಾಗಿ ಅವಳ ತಾಯಿ ಅಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೆನೇ? ಹುಡುಗಿಗೆ ಅದು ತಿಳಿದಿರಬೇಕು. ನನ್ನ ಮಾತನ್ನು ಬರೆದುಕೊಂಡಳು, ಕೈಮುಗಿದಳು, ಫೋನ್ ನಂಬರಿನ ಚೀಟಿ ಕೊಟ್ಟು ಹೋದಳು. ನಾನು ತಾಯಿ ಅಲ್ಲ ಎಂದದ್ದನ್ನು ಅವಳು ನಂಬಲಿಲ್ಲ. ಕಾಯಿಲೆ ಇಲ್ಲ ಎಂದದ್ದನ್ನು ನಂಬಿದಳು.

ಈಗ ಅರ್ಥವಾಯಿತಲ್ಲ, ನನಗೆ ಡಯಾಲಿಸಿಸ್‌ನ ಭಯ ಯಾಕೆ ಎರಡನೆಯದಾಗಿತ್ತು ಎಂದು.

ರೇಖಾ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ನಾಲ್ಕನೇ ದಿನ ತಾನೇ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಗುಳ್ಳೆ ಇರಲಿಲ್ಲ. ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ನೋಡೋಣ ಎಂದರಂತೆ ಡಾಕ್ಟರು. ರಿಪೋರ್ಟನ್ನು ನನ್ನ ಮಡಿಲಿಗೆ ಹಾಕಿ, ಅಕ್ಕನ ನಂಬರ್ ಎಲ್ಲಿದೆ ಎಂದು ಕೇಳಿದಳು. ಅಕ್ಕ ಎಂದಳು. ನಾನು ಗೋಡೆ ಕಡೆ ತಿರುಗಿ ಅತ್ತೆ.

ಚೀಟಿ ಅಂಗನವಾಡಿಯ ಹಳೇ ರಿಜಿಸ್ಟರಿನಲ್ಲಿತ್ತು. ಅದನ್ನು ತರುವಷ್ಟರಲ್ಲಿ ಮಾಸೂರಿನಿಂದ ನಮ್ಮ ಅಣ್ಣ ಬಂದು ಕುಳಿತಿದ್ದ. ರೇಖಾಳಿಗೆ ಶಿಗ್ಗಾಂವಿಯ ಸಂಬಂಧ ತಂದವನು ಅವನೇ. ಇವರೇ ಫೋನ್ ಮಾಡಿ ಕರೆಸಿದ್ದರು.

"ಹೂತಿದ್ದನ್ನ ಯಾಕ ಕೆದರ್ತಿ ತಂಗಿ? ಶಿಗ್ಗಾಂವಿಯವರ ಕಿವಿಗೆ ಬಿದ್ರ ಈ ಹುಡುಗಿ ಗತಿ ಏನು? ಆಕಿ ಎಲ್ಲೋ ಬೆಳದಾಕಿ, ಆಕಿಗೂ ನಮಗೂ ಏನ್ ಸಂಬಂಧ?"

"ಸಂಬಂಧ ಸ್ಕ್ಯಾನಿನ್ಯಾಗ ಕಾಣ್ತದ ಅಣ್ಣಾ, ಹೋಗಿ ನೋಡ."

ಮಾತಿಗೆ ಮಾತು ಬೆಳೆಯಿತು. ಸತ್ತ ಅವ್ವನ ಮರ್ಯಾದೆ ಎಂದ, ಗಂಡನ ಮುಖ ಎಂದ. ಮರ್ಯಾದೆ ಮರ್ಯಾದೆ ಎಂದೇ ಅವ್ವನನ್ನು ಒಬ್ಬ ಡಾಕ್ಟರಿಗೂ ಸರಿಯಾಗಿ ತೋರಿಸಲಿಲ್ಲ ನಾವು ಎಂದೆ. ಸಿಟ್ಟಿನಲ್ಲಿ ನನ್ನ ಬಿಪಿ ಎಷ್ಟು ಏರಿತ್ತೋ ದೇವರೇ ಬಲ್ಲ. ಇವರು ಇಡೀ ಹೊತ್ತು ಬಾಗಿಲ ಬಳಿ ನಿಂತಿದ್ದರು. ಕೊನೆಗೆ, "ಆಕಿ ಮಾತಾಡಲಿ ಬಿಡ್ರಿ," ಎಂದರು. ನನಗೆ ಹೇಳಿದ್ದೋ ಅಣ್ಣನಿಗೆ ಹೇಳಿದ್ದೋ ತಿಳಿಯಲಿಲ್ಲ. ಅಣ್ಣ ಚಹಾ ಕುಡಿಯದೆ ಎದ್ದು ಹೋದ.

ಶಿಗ್ಗಾಂವಿಯವರಿಗೂ ನಾನೇ ಫೋನ್ ಮಾಡಿದೆ. ಹೀಗೆ ಹೀಗೆ, ನನಗೆ ಈ ಕಾಯಿಲೆ, ರೇಖಾಳಿಗೆ ಇಲ್ಲ, ಅವಳಿಗೊಬ್ಬ ಅಕ್ಕ ಇದ್ದಾಳೆ. ವಿಚಾರ ಮಾಡಿ ತಿಳಿಸುತ್ತೇವೆ ಎಂದರು. ಇನ್ನೂ ವಿಚಾರ ಮಾಡುತ್ತಿದ್ದಾರೆ. ಮಾಡಲಿ.

ಭಾನುವಾರ ಮಧ್ಯಾಹ್ನ ರೇಖಾ ವಿಡಿಯೋ ಕಾಲ್ ಹಚ್ಚಿದಳು. ಒಂದು ಚೌಕದಲ್ಲಿ ಧಾರವಾಡದ ಬಾಯಿ, ಇನ್ನೊಂದರಲ್ಲಿ ಹನ್ನಾ. ಕಣ್ಣ ಕೆಳಗೆ ಬಾವು ಇದೆಯೇ ಎಂದು ಮೊದಲು ನೋಡಿದೆ, ಆಮೇಲೆ ಮುಖ ನೋಡಿದೆ. ಹೇಳಬೇಕಾದ್ದನ್ನು ಎರಡು ದಿನ ಬಾಯಿಪಾಠ ಮಾಡಿಕೊಂಡಿದ್ದೆ. ಎಲ್ಲ ಮರೆತು ಹೋಯಿತು.

"ಹನ್ನಾ, ನಿನ್ನ ಹಡದಾಕಿ ನಾನ. ಅವತ್ತ ಅಲ್ಲ ಅಂದೆ. ಬ್ಯಾನಿ ಇಲ್ಲ ಅಂದದ್ದೂ ಸುಳ್ಳ. ನಮ್ಮವ್ವಗೂ ಇದ ಇತ್ತಂತ ಕಾಣ್ತದ, ನನ್ನ ಕಿಡ್ನೀನೂ ಹೊಂಟಾವು. ನೀ ನಾಳೆನ ಸ್ಕ್ಯಾನ್ ಮಾಡಿಸ್ಕೊ."

ಆ ಬಾಯಿ ಒಂದೊಂದೇ ಮಾತನ್ನು ತಿಳಿಸಿದರು. ಹನ್ನಾ ಪೆನ್ನು ಹಿಡಿದಳು. ಅಜ್ಜಿ ಎಷ್ಟನೇ ವಯಸ್ಸಿಗೆ ಹೋದಳು, ನನಗೆ ಯಾವಾಗ ಶುರುವಾಯಿತು, ತಲೆನೋವು ಬರುತ್ತಿತ್ತೇ, ಎಲ್ಲ ಕೇಳಿ ಬರೆದುಕೊಂಡಳು. ನಾನು ಬಸುರಿಯರನ್ನು ಕೇಳುವ ಹಾಗೆಯೇ. ಆಮೇಲೆ ಪೆನ್ನು ಕೆಳಗಿಟ್ಟು ತನ್ನ ಭಾಷೆಯಲ್ಲಿ ಒಂದೇ ಸಮನೆ ಮಾತಾಡಿದಳು. ಮುಖ ಕೆಂಪಾಯಿತು. ಧಾರವಾಡದ ಬಾಯಿ ಅದನ್ನು ಕನ್ನಡದಲ್ಲಿ ಹೇಳಲು ಹಿಂಜರಿದರು.

ಮುಚ್ಚಿಡಬೇಡಿ, ಏನೆಂದಳು ಹೇಳಿ ಎಂದೆ.

"ಆಕಿಗೆ ನಿಮ್ಮ ಮ್ಯಾಲೆ ಭಾಳ ಸಿಟ್ಟ ಬಂದೈತ್ರಿ. ಕೊಟ್ಟಿದ್ದಕ್ಕಲ್ಲಂತ. ಸುಳ್ಳ ಹೇಳಿದ್ದಕ್ಕ."

ಒಂದು ವರ್ಷದಿಂದ ಅವಳಿಗೆ ತಲೆನೋವು, ಬಿಪಿ. ಮನೆತನದಲ್ಲಿ ಏನೂ ಇಲ್ಲ, ತಾಯಿಯನ್ನೇ ಕೇಳಿಕೊಂಡು ಬಂದಿದ್ದೇನೆ ಎಂದು ಅಲ್ಲಿನ ಡಾಕ್ಟರಿಗೆ ಹೆಮ್ಮೆಯಿಂದ ಹೇಳಿದ್ದಳಂತೆ. ಕೆಲಸದ ಒತ್ತಡ ಎಂದು ಅವರು ಸುಮ್ಮನಾಗಿದ್ದರಂತೆ.

"ಸಿಟ್ಟಾಗಲಿ," ಎಂದೆ. "ಅಷ್ಟು ಹಕ್ಕ ಆಕಿಗೈತಿ ಅಂತ ಹೇಳ್ರಿ."

ಮುಂದಿನ ಮೂರು ವಾರ ಹೇಗೆ ಕಳೆದೆನೋ. ಉಪ್ಪಿಲ್ಲದ ಸಾರು, ನಾಲ್ಕು ಬಗೆಯ ಗುಳಿಗೆ, ಅಳೆದು ಕುಡಿಯುವ ನೀರು. ಅಂಗನವಾಡಿಗೆ ಹೋಗುವುದು ಬಿಡಲಿಲ್ಲ. ನಡುವೆ ಅಣ್ಣ ಮತ್ತೆ ಬಂದ, ಈ ಸಲ ಚಹಾನೂ ಕುಡಿದ. ಅವನ ಮಾತಿನ ಧಾಟಿಯೇ ಬೇರೆಯಾಗಿತ್ತು. ಆ ಹುಡುಗಿಗೆ ಕಾಯಿಲೆ ಇಲ್ಲ ಎಂದಾದರೆ ಒಂದು ಕಿಡ್ನಿ ಕೊಡು ಎಂದು ಕೇಳು, ಹಡೆದಿದ್ದೀಯಲ್ಲ, ಅಷ್ಟೂ ಮಾಡದಿದ್ದರೆ ಹೇಗೆ ಎಂದ.

"ಹೋದ ತಿಂಗಳ ಆಕಿ ನಮ್ಮಾಕಿ ಅಲ್ಲ ಅಂದಿ," ಎಂದೆ. "ಈಗ ಆಕಿ ಕಿಡ್ನಿ ಅಷ್ಟ ನಮ್ಮದಾತೇನು ಅಣ್ಣಾ?"

ರೇಖಾಳೂ ತನ್ನದನ್ನು ಕೊಡುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳಿಗೂ ಬೇಡ ಎಂದೆ. ಹೆಣ್ಣುಮಕ್ಕಳಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ, ಡಯಾಲಿಸಿಸ್ ಬಂದರೆ ಡಯಾಲಿಸಿಸ್. ಈ ವಿಷಯದಲ್ಲಿ ಡಾಕ್ಟರ ಮಾತನ್ನೂ ನಾನು ಕೇಳುವವಳಲ್ಲ.

ಹನ್ನಾಳ ಫೋನು ಬಂತು.

ಅವಳಿಗೂ ಇದೆ. ಎರಡೂ ಕಿಡ್ನಿಯಲ್ಲಿ ಗುಳ್ಳೆಗಳಿವೆ. ಆದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಬಿಪಿಯ ಗುಳಿಗೆ ಶುರುವಾಗಿದೆ. ಸಮಯಕ್ಕೆ ತಿಳಿಯಿತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ನನಗೆ ಆ ಒಂದು ಮಾತು ಸಾಕಿತ್ತು. ನಾನು ಕೊಟ್ಟದ್ದರಲ್ಲಿ ಅವಳ ಬಳಿ ಉಳಿದದ್ದು ಆ ಹಣೆ, ಆ ಗದ್ದ, ಈ ಕಾಯಿಲೆ. ಆದರೂ ತಿಳಿಯಿತಲ್ಲ. ನನ್ನ ಅವ್ವನಿಗೆ ತಿಳಿಯಲಿಲ್ಲ, ನನಗೆ ತಿಳಿಯುವಾಗ ಹೊತ್ತು ಮೀರಿತ್ತು, ಇವಳಿಗೆ ಮೂವತ್ತಕ್ಕೇ ತಿಳಿಯಿತು.

ಈಗ ತಿಂಗಳಿಗೆ ಎರಡು ಸಲ ಫೋನ್ ಮಾಡುತ್ತಾಳೆ. ನನ್ನ ಕ್ರಿಯೇಟಿನಿನ್ ಎಷ್ಟು ಎಂದು ಕೇಳುತ್ತಾಳೆ, ತನ್ನದನ್ನು ಹೇಳುತ್ತಾಳೆ. ನಾನು ಉಪ್ಪಿನಕಾಯಿ ತಿಂದೆನೆಂದು ರೇಖಾ ಚಾಡಿ ಹೇಳಿದರೆ ಅಲ್ಲಿಂದಲೇ ಹುಬ್ಬು ಗಂಟಿಕ್ಕುತ್ತಾಳೆ. ನನ್ನನ್ನು ಅವ್ವ ಎನ್ನುವುದಿಲ್ಲ. ಅವಳಿಗೆ ಅಲ್ಲಿ ಸಾಕಿದ ತಾಯಿ ಇದ್ದಾಳೆ, ಒಮ್ಮೆ ಪರದೆಯ ಮೇಲೆ ಬಂದು ನನಗೆ ಕೈಮುಗಿದಳು, ನಾನೂ ಮುಗಿದೆ. ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಕರೆಯಲಿ.

ಹೋದ ಸಲ ಫೋನ್ ಇಡುವ ಮುಂಚೆ, ತನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಹೇಳಿಸಿದಳು. ಫೋನಿನಲ್ಲಿ ಬೈಯಬೇಡ ಎಂದೆ. ನಡುವೆ ಇನ್ನೊಬ್ಬರು ಕುಳಿತು ಸಕ್ಕರೆ ಹಾಕಿ ಹೇಳುತ್ತಾರೆ, ನನಗೆ ಅದು ಬೇಡ. ಇಲ್ಲಿಗೆ ಬಾ, ಎದುರಿಗೆ ಕುಳಿತು ನಿನ್ನ ಭಾಷೆಯಲ್ಲೇ ಬೈ, ನನಗೆ ಅರ್ಥವಾಗುತ್ತದೆ. ರಜೆ ಸಿಕ್ಕರೆ ಮುಂದಿನ ವರ್ಷ ಬರುತ್ತೇನೆ ಎಂದಿದ್ದಾಳೆ.

ಡಯಾಲಿಸಿಸ್ ವರ್ಷವೋ ಎರಡು ವರ್ಷವೋ ಮುಂದೆ ಹೋದೀತು ಎನ್ನುತ್ತಾರೆ ಹುಬ್ಬಳ್ಳಿಯ ಡಾಕ್ಟರು. ಖಂಡಿತವಾಗಿ ಹೇಳಲಿಕ್ಕಾಗದಂತೆ. ನಾನು ಖಂಡಿತವಾಗಿ ಹೇಳುತ್ತೇನೆ. ಆ ಹುಡುಗಿಯಿಂದ ಎದುರಿಗೆ ಕುಳಿತು ಬೈಸಿಕೊಳ್ಳದೆ ಸಾಯುವ ಹೆಂಗಸು ನಾನಲ್ಲ.